ಐದನೇ ಕಾಯಿಲ್

ಹೋದ ತಿಂಗಳು ಮಿಕ್ಸಿ ಕೆಟ್ಟಿತು. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯೊಂದಿದೆ, ಅಲ್ಲಿಗೆ ತಗೊಂಡು ಹೋದೆ. ಬಾಗಿಲಲ್ಲಿ ಕಾಲಿಡುವಾಗಲೇ ಆ ವಾಸನೆ ಬಂತು. ಹೊಸದಾಗಿ ಸುತ್ತಿದ ತಾಮ್ರದ ತಂತಿಗೆ ವಾರ್ನಿಷ್ ಹಾಕಿ ಬಲ್ಬಿನ ಕೆಳಗೆ ಒಣಗಲು ಇಟ್ಟಿದ್ದರು. ಬೆಲ್ಲ ಸೀದ ಹಾಗೂ ಇರುತ್ತದೆ ಅದು, ಔಷಧಿ ಅಂಗಡಿಯ ಹಾಗೂ ಇರುತ್ತದೆ. ಅಂಗಡಿಯವನು "ಕೂತ್ಕೊಳಿ ಅಜ್ಜಿ, ಹತ್ತು ನಿಮಿಷ" ಎಂದ. ನಾನು ಕೂರಲಿಲ್ಲ. ಮಿಕ್ಸಿ ಅಲ್ಲೇ ಬಿಟ್ಟು ಹೊರಗೆ ಬಂದು ರಸ್ತೆ ಬದಿ ನಿಂತೆ. ಅಳು ಬಂದಿತ್ತು ಅಂತ ತಿಳಿಯಬೇಡಿ. ಮೈ ತಣ್ಣಗಾಗಿತ್ತು, ಅಷ್ಟೆ. ಅದೂ ನಡು ಬೇಸಿಗೆಯ ಬಿಸಿಲಿನಲ್ಲಿ.

ಆ ವಾಸನೆಯೊಳಗೆ ನಾನು ಒಂದು ಬೇಸಿಗೆ ಪೂರ್ತಿ ಕಳೆದಿದ್ದೇನೆ. ಸಾವಿರದ ಒಂಬೈನೂರ ಅರವತ್ತು ದಾಟಿದ ಮೇಲಿನ ಮಾತು. ವರ್ಷ ಸರಿಯಾಗಿ ನೆನಪಿಲ್ಲ. ಸಾಗರದ ಕಡೆಯ ಕಾಡುಗಳಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಕಾಲ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ನಮ್ಮದೊಂದು. ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಬೀಳುವ ಜಾಗ. ಮನೆಯಲ್ಲಿ ನಾನು, ನನ್ನ ಅತ್ತೆ ಸಿದ್ದಮ್ಮ, ನನ್ನ ಗಂಡ ಕೆಂಚಪ್ಪ. ಅತ್ತೆಗೆ ಅವನೊಬ್ಬನೇ ಮಗ. ಅವನು ದಸರಾ ಮುಗಿಸಿ ಮರ ಕಡಿಯುವ ತಂಡದ ಜೊತೆ ಹೋಗಿದ್ದ. ಆಯನೂರು ದಾಟಿ, ಸಾಗರದ ರಸ್ತೆ ಬಿಟ್ಟು ಒಳಗೆ ಎಲ್ಲೋ ಕಾಡು. ಯುಗಾದಿಗೆ ಬರ್ತೀನಿ ಎಂದಿದ್ದ. ಯುಗಾದಿ ಬಂತು, ಅವನು ಬರಲಿಲ್ಲ. ಕಾಗದ ಬರೆಯಲು ಅವನಿಗೆ ಬರುತ್ತಿರಲಿಲ್ಲ, ಓದಲು ನನಗೆ ಬರುತ್ತಿರಲಿಲ್ಲ. ತಂಡದವರು ಯಾರಾದರೂ ಊರಿಗೆ ಬಂದರೆ ಸುದ್ದಿ. ಸಂಕ್ರಾಂತಿಯಿಂದ ಈಚೆಗೆ ಯಾರೂ ಬಂದಿರಲಿಲ್ಲ.

ಕೆಂಚಪ್ಪ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮೂರು ವರ್ಷದ ಸಂಸಾರದಲ್ಲಿ ಅವನು ಆಡಿದ್ದನ್ನೆಲ್ಲ ಸೇರಿಸಿದರೆ ಒಂದು ಮಧ್ಯಾಹ್ನಕ್ಕೆ ಸಾಕು. ಆದರೂ ಅವನು ಇದ್ದಾನೋ ಇಲ್ಲವೋ ಅನ್ನುವುದು ಹೆಂಡತಿಗೆ ಗೊತ್ತಿರಬೇಕಲ್ಲ. ಆ ಬೇಸಿಗೆ ನನಗೆ ಬೇಕಿದ್ದುದು ಅದೊಂದೇ ಸುದ್ದಿ.

ಹೊಟ್ಟೆಪಾಡಿಗೆ ಅತ್ತೆ, ನಾನು ಇಬ್ಬರೂ ಬುಡನ್ ಸಾಬರ ಅಂಗಡಿಗೆ ಕಾಯಿಲ್, ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿ, ಸುತ್ತುತ್ತಿದ್ದೆವು. ಸುಟ್ಟುಹೋದ ಫ್ಯಾನು, ಪಂಪು, ಗಿರಣಿಯ ಮೋಟಾರು ರಿಪೇರಿ ಮಾಡುವ ಅಂಗಡಿ ಅವರದು. ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತಿಕೊಡುವುದು ನಮ್ಮ ಕೆಲಸ, ಮನೆಯ ಜಗಲಿಯ ಮೇಲೇ. ಮರದ ಅಚ್ಚನ್ನು ಕಬ್ಬಿಣದ ಕಡ್ಡಿಗೆ ಸಿಕ್ಕಿಸಿ, ಹಿಡಿಯನ್ನು ಮುಂದಕ್ಕೆ, ಅಂದರೆ ನಮ್ಮಿಂದ ಆಚೆಗೆ ತಿರುಗಿಸಬೇಕು. ಯಾವಾಗಲೂ ಮುಂದಕ್ಕೇ. ಐವತ್ತು ಸುತ್ತಾದರೆ ಒಂದು ಹುಣಸೆಬೀಜ ಪಕ್ಕಕ್ಕೆ. ಕೊನೆಗೆ ತಂತಿಯ ತುದಿಗೆ ದಾರ ಕಟ್ಟಬೇಕು. ನಾನು ಬಿಳಿ ದಾರ ಕಟ್ಟುತ್ತಿದ್ದೆ. ಅತ್ತೆ ಅರಿಶಿನ ಹಚ್ಚಿದ ದಾರ ಕಟ್ಟುತ್ತಿದ್ದಳು. ಯಾರ ಕೆಲಸ ಯಾರದು ಅಂತ ಬುಡನ್ ಸಾಬರಿಗೆ ತಿಳಿಯಲಿ ಅಂತ.

ನಮ್ಮತ್ತೆ ಕಣ್ಣು ಮುಚ್ಚಿ ಸುತ್ತಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಕೆಲಸ ಕೆಟ್ಟಿದ್ದು ಒಂದೇ ಸಲ, ಅದಕ್ಕೆ ಎರಡು ವರ್ಷ ಹಿಂದೆ. ಮಾವ ಎದೆನೋವಿನಿಂದ ಸತ್ತ ವಾರ ಅದು. ಅತ್ತೆಯ ತವರಿನ ಕಡೆ ಒಂದು ಪದ್ಧತಿ ಇತ್ತು. ಮನೆಯಲ್ಲಿ ಸಾವಾದರೆ, ಸೂತಕ ಕಳೆಯುವವರೆಗೆ ತಿರುಗಿಸುವುದನ್ನೆಲ್ಲ ಎಡಕ್ಕೇ ತಿರುಗಿಸಬೇಕು. ಹೆಣವನ್ನು ಎಡಕ್ಕೆ ಸುತ್ತು ಬರುತ್ತಾರಲ್ಲ, ಹಾಗೆ. ಬೀಸುವ ಕಲ್ಲು, ಮುದ್ದೆಯ ಕೋಲು, ಎಲ್ಲ. ಅವಳು ತಂತಿಯನ್ನೂ ಹಾಗೇ, ಹಿಡಿಯನ್ನು ಮುಂದಕ್ಕಲ್ಲ, ತನ್ನ ಕಡೆಗೆ ಹಿಂದಕ್ಕೆ ತಿರುಗಿಸಿ ಸುತ್ತಿದಳು. ಯಾರದೋ ಮೇಜಿನ ಫ್ಯಾನು. ಸ್ವಿಚ್ ಹಾಕಿದರೆ ಉಲ್ಟಾ ತಿರುಗಿತು.

ಬುಡನ್ ಸಾಬರು ಅದನ್ನು ಎತ್ತಿಕೊಂಡು ನಮ್ಮ ಜಗಲಿಗೇ ಬಂದರು. "ಅರೇ ಸಿದ್ದಮ್ಮಾ, ಈ ಫ್ಯಾನಿಗೆ ನಮ್ ಮೇಲೆ ಏನ್ ಸಿಟ್ಟು? ಎದುರಿಗೆ ಕೂತೋನ್ನ ಬಿಟ್ಟು ಗೋಡೆಗೆ ಗಾಳಿ ಹಾಕ್ತಾ ಐತೆ!"

ಅತ್ತೆ ಕಾರಣ ಹೇಳಿದಳು. ಅವರು ನಗುವುದನ್ನು ನಿಲ್ಲಿಸಿದರು. "ಮನೇಲಿ ಮೌತ್ ಆದ್ರೆ ನಂಗೆ ಮೊದ್ಲು ಹೇಳಿ. ಸೂತಕ ಕಳೆಯೋ ತನಕ ತಂತಿ ಮುಟ್ಬೇಡಿ. ಕೆಲ್ಸ ಎಲ್ಲೂ ಹೋಗಲ್ಲ, ನಿಮ್ದೇ" ಎಂದು ಹೋದರು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂತ ಮುಂದೆ ತಿಳಿಯುತ್ತದೆ.

ಆ ಯುಗಾದಿಯ ನಂತರದ ವಾರಗಳಲ್ಲಿ ಶಿವಮೊಗ್ಗದ ಕಾಲೇಜಿನ ಮೇಷ್ಟ್ರೊಬ್ಬರು ಬುಡನ್ ಸಾಬರ ಅಂಗಡಿಗೆ ಬಂದರು. ರುದ್ರಯ್ಯ ಅಂತ ಹೆಸರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಮೂರೂ ಸೋರುತ್ತಿದ್ದವು. ಅವರಿಗೆ ಹತ್ತು ಕಾಯಿಲ್ ಬೇಕಿತ್ತು, ಒಂದೊಂದೂ ಹಿಟ್ಟಿನ ಜರಡಿಯಷ್ಟು ಅಗಲ, ನಡುವೆ ತೂತು, ಆರುನೂರು ಸುತ್ತು. ಯಾವ ಮೋಟಾರಿಗೆ ಸಾರ್ ಎಂದು ಬುಡನ್ ಸಾಬರು ಕೇಳಿದರೆ, ಮೋಟಾರಿಗಲ್ಲ, ಗಾಳಿಯನ್ನು ಹಿಡಿಯೋಕೆ ಎಂದರಂತೆ. ಬುಡನ್ ಸಾಬರು ನಮ್ಮ ಹತ್ತಿರ ಬಂದು ತಲೆಯ ಪಕ್ಕದಲ್ಲಿ ಬೆರಳು ತಿರುಗಿಸಿ ತೋರಿಸಿದರು. ಆದರೆ ಮೇಷ್ಟ್ರು ಹೊಸ ತಾಮ್ರ ತಂದಿದ್ದರು. ಅಂಥ ತಂತಿಯನ್ನು ನಾವು ಮುಟ್ಟೇ ಇರಲಿಲ್ಲ.

ಐದು ನಾನು ಸುತ್ತಿದೆ, ಐದು ಅತ್ತೆ ಸುತ್ತಿದಳು. ನಡುವೆ ಅಮಾವಾಸ್ಯೆಯ ಮಾರನೇ ದಿನ ಅತ್ತೆ ಊಟ ಬಿಟ್ಟಳು. ಹೊಟ್ಟೆ ಸರಿಯಿಲ್ಲ ಎಂದಳು. ಆದರೂ ಹಿಡಿ ಬಿಡಲಿಲ್ಲ, ಕತ್ತಲಾಗುವ ಹೊತ್ತಿಗೆ ತನ್ನ ಪಾಲಿನ ಕೊನೆಯದನ್ನು ಮುಗಿಸಿದಳು. ಎಲ್ಲಕ್ಕೂ ವಾರ್ನಿಷ್ ಹಾಕಿ, ತಂತಿ ಕಾಣದ ಹಾಗೆ ಬಟ್ಟೆಯ ಪಟ್ಟಿ ಸುತ್ತಿ, ಬುಡನ್ ಸಾಬರು ಮೇಲೆ ಅಂಕಿ ಬರೆದರು. ಹತ್ತನ್ನೂ ಗೋಣಿಯಲ್ಲಿ ಕಟ್ಟಿ ಬೀರೂರು ಕಡೆಯಿಂದ ಬರುವ ರೈಲಿಗೆ ಹಾಕಿದರು, ಜೊತೆಗೆ ನನ್ನನ್ನೂ. ಮೇಷ್ಟ್ರಿಗೆ ಕಾಯಿಲ್ ಕೂರಿಸಿ ಕಟ್ಟಿಕೊಡುವವರು ಬೇಕಿತ್ತು. ಕಾಲೇಜಿನ ರಜೆ ಮುಗಿಯುವವರೆಗೆ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು ಅಂತ ಗೊತ್ತಾಯಿತು.

ಹೋಗುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು, "ಅಲ್ಲೇ ಉಳಿದುಬಿಡಬೇಡ ಕಣೇ ನಿಂಗಿ. ಸಂಜೆ ಬಾ."

"ಬರ್ದೆ ಎಲ್ಲಿಗೆ ಹೋಗ್ಲಿ?" ಎಂದೆ ನಾನು.

ರಜೆಯ ಕಾಲೇಜು ಹೆಣ ಎತ್ತಿದ ಮನೆಯ ಹಾಗಿತ್ತು. ಉದ್ದನೆಯ ಪಡಸಾಲೆ, ಎರಡೂ ಕಡೆ ಬೀಗ, ನಾನು ನಡೆದರೆ ನನ್ನ ಹಿಂದೆ ಇನ್ನೊಬ್ಬಳು ನಡೆದ ಸದ್ದು. ಕೊನೆಯ ಕೋಣೆ ಮಾತ್ರ ತೆರೆದಿರುತ್ತಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಹಗಲಲ್ಲೇ ಕತ್ತಲು. ಬಾಗಿಲ ಹತ್ತಿರ ಅಟೆಂಡರ್ ಶೇಷಪ್ಪ ಒಂದು ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದ. ಅವನು ಒಳಗೆ ಬರುತ್ತಿರಲಿಲ್ಲ.

ಮೇಜಿನ ಮೇಲೆ ಗಾಜಿನ ಕೊಳವೆ, ನನ್ನ ತೋಳಿನ ದಪ್ಪ, ಎರಡು ಮೊಳ ಉದ್ದ. ನಮ್ಮ ಹತ್ತು ಕಾಯಿಲ್ಲನ್ನು ಅದಕ್ಕೆ ಬಳೆ ತೊಡಿಸಿದ ಹಾಗೆ ಒಂದರ ಪಕ್ಕ ಒಂದು ತೊಡಿಸಿದೆವು, ನಡುನಡುವೆ ಎರಡು ಬೆರಳು ಜಾಗ ಬಿಟ್ಟು. ಒಂದು ತುದಿಯಲ್ಲಿ ಪಂಪು, ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರುವುದಕ್ಕೆ. ಇನ್ನೊಂದು ತುದಿಗೆ ಗಾಜಿನ ಹೊರಗಡೆ ಒಂದು ತಾಮ್ರದ ಪಟ್ಟಿ ಸುತ್ತಿದ್ದರು. ಅದು ಹೋಗಿ ಮಿಲಿಟರಿಯವರು ಹರಾಜು ಹಾಕಿದ ಒಂದು ದೊಡ್ಡ ರೇಡಿಯೋ ಪೆಟ್ಟಿಗೆಗೆ ಸೇರುತ್ತಿತ್ತು. ಕಾಯಿಲ್ಲಿಗೆ ಕರೆಂಟು ಕೊಡಲು ನೆಲದ ಮೇಲೆ ಲಾರಿಯ ಬ್ಯಾಟರಿಗಳು ಸಾಲಾಗಿ. ಕೊಳವೆಯೊಳಗೆ ಒಂದು ತಂತಿಯೂ ಹೋಗಿರಲಿಲ್ಲ. ಇದು ನೆನಪಿರಲಿ. ಒಳಗೆ ಏನೂ ಇರಲಿಲ್ಲ.

ಮೊದಲ ದಿನವೇ ಮೇಷ್ಟ್ರು ಹೇಳಿದರು, "ನಿಂಗಮ್ಮ, ಮೈ ಮೇಲೆ ಲೋಹ ಇಟ್ಕೊಂಡು ಹತ್ತಿರ ಬರಬೇಡ. ಈ ಅಲೆ ಕಾಣಲ್ಲ, ಲೋಹಾನ ಕಾಯಿಸಿ ಸುಟ್ಟುಬಿಡುತ್ತೆ. ಕಾಲುಂಗುರ, ತಾಳಿ, ಎಲ್ಲಾ ಬಾಗಿಲಲ್ಲಿ ಇಟ್ಟು ಬಾ."

"ಕಾಲುಂಗುರ ತೆಗೀತೀನಿ ಸಾರ್. ತಾಳಿ ಆಗಲ್ಲ. ಗಂಡ ಇದಾನೆ."

ಅವರು ವಾದ ಮಾಡಲಿಲ್ಲ. ಸೀಮೆಸುಣ್ಣ ತಗೊಂಡು ಮೇಜಿನಿಂದ ನಾಲ್ಕು ಅಡಿ ದೂರಕ್ಕೆ ನೆಲದ ಮೇಲೆ ಗೆರೆ ಎಳೆದರು. "ಪೆಟ್ಟಿಗೆ ಹಾಕಿದಾಗ ಈ ಗೆರೆ ದಾಟಬೇಡ ಹಾಗಾದ್ರೆ." ಆರಿಸಿದ್ದಾಗ ನಾನು ಹತ್ತಿರ ಹೋಗಿ ಕಾಯಿಲ್ ಸರಿ ಮಾಡುವುದು, ಹಾಕಿದಾಗ ಗೆರೆಯ ಹಿಂದೆ ನಿಲ್ಲುವುದು.

ಪಂಪು ಎರಡು ದಿನ ದಬ್ ದಬ್ ಎಂದಿತು. ಮೂರನೇ ದಿನ ಮಧ್ಯಾಹ್ನ ಮೇಷ್ಟ್ರು ರೇಡಿಯೋ ಪೆಟ್ಟಿಗೆ ಹಾಕಿದರು. ಕೊಳವೆ ಬೆಳಗಿತು. ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ. ಮಂಜು ತುಂಬಿದ ಹಾಗೆ ಈ ತುದಿಯಿಂದ ಆ ತುದಿಗೆ. ನಾನು ಒಲೆಯ ಮುಂದೆ ಬೆಳೆದವಳು, ಕುಲುಮೆಯ ಕೆಂಪು ಆಕಾಶದ ಕೆಳಗೆ ಸಂಸಾರ ಮಾಡಿದವಳು. ಬೆಂಕಿ ಅಂದರೆ ಸದ್ದು ಮಾಡುತ್ತದೆ, ಉಸಿರಾಡುತ್ತದೆ. ಇದು ಸುಮ್ಮನೆ ಇತ್ತು. ಮೂಲೆಯಲ್ಲಿ ಕೆಟ್ಟುಹೋದ ಟ್ಯೂಬ್ ಲೈಟೊಂದನ್ನು ಗೋಡೆಗೆ ಒರಗಿಸಿದ್ದರು, ತಂತಿಯಿಲ್ಲ, ಏನಿಲ್ಲ. ಅದೂ ಬಿಳಿಚಿಕೊಂಡು ಹೊತ್ತಿಕೊಂಡಿತು.

ಬಾಗಿಲಿನಿಂದ ಶೇಷಪ್ಪನ ದನಿ ಬಂತು. "ನೋಡಿದ್ಯಾ? ಸತ್ತಿದ್ದು ಅದು. ನಾನೇ ತೆಗೆದು ಬಿಸಾಕೋಕೆ ಇಟ್ಟಿದ್ದೆ. ಎಬ್ಬಿಸಿಬಿಟ್ರು."

"ಬಾಯಿ ಮುಚ್ಚು ಶೇಷಪ್ಪ" ಎಂದರು ಮೇಷ್ಟ್ರು, ನಗುತ್ತಲೇ. ನನಗೆ ಬಿಡಿಸಿ ಹೇಳಿದರು. "ಕೊಳವೆಯೊಳಗೆ ಒಂದು ಚೂರು ಗಾಳಿ ಉಳಿದಿದೆ. ರೇಡಿಯೋ ಅಲೆ ಅದನ್ನ ಅಲ್ಲಾಡಿಸಿ ಅಲ್ಲಾಡಿಸಿ ಒಡೆಯುತ್ತೆ. ಒಡೆದ ಗಾಳಿ ಹೀಗೆ ಬೆಳಗುತ್ತೆ. ಪ್ಲಾಸ್ಮಾ ಅಂತ ಹೆಸರು. ಈಗದು ಗಾಜಿಗೆ ತಾಗ್ತಾ ಇದೆ, ತಾಗಿದ್ರೆ ಸಾಯುತ್ತೆ. ನಿಮ್ಮ ಕಾಯಿಲ್ಲು ಹಾಕಿದ್ರೆ ಅಯಸ್ಕಾಂತ ಆಗಿ, ಅದನ್ನ ಗಾಜಿಂದ ಬಿಡಿಸಿ ನಡುವೆ ಹಿಡ್ಕೊಳುತ್ತೆ. ಕಾಣದ ಬೇಲಿ ಇದ್ದ ಹಾಗೆ."

ನಾನು ಚೆನ್ನಾಗಿ ನೋಡೋಣ ಅಂತ ಗೆರೆಯವರೆಗೆ ಬಂದೆ. ಬೆಳಕು ಕುಂದಿತು. ಹಿಂದೆ ಸರಿದೆ, ಮತ್ತೆ ಏರಿತು. ಮತ್ತೆ ಬಂದೆ, ಮತ್ತೆ ಕುಂದಿತು.

"ನಿನ್ನ ಕಂಡ್ರೆ ಅದಕ್ಕೆ ಆಗಲ್ಲ ಮಾರಾಯ್ತಿ" ಎಂದ ಶೇಷಪ್ಪ.

"ಮೈಯಲ್ಲಿರೋದು ಉಪ್ಪುನೀರು. ಸ್ವಲ್ಪ ಅಲೆ ನಿನ್ನ ಕಡೆ ಎಳ್ಕೊಳುತ್ತೆ, ಅಷ್ಟೇ" ಎಂದರು ಮೇಷ್ಟ್ರು. ಅವರು ಹತ್ತಿರ ಹೋದರೂ ಹಾಗೇ ಆಗುತ್ತಿತ್ತು ಅನ್ನುವುದು ನಿಜ. ಆದರೆ ನನಗೆ ಆಗುವಷ್ಟು ಆಗುತ್ತಿರಲಿಲ್ಲ ಅಂತ ನನಗೆ ಕಾಣುತ್ತಿತ್ತು. ಗೆರೆಯ ಹಿಂದೆ ನಿಂತು ಹೆಜ್ಜೆ ಮುಂದಿಡುವುದು, ಹಿಂದಿಡುವುದು, ಅದು ನನ್ನನ್ನು ನೋಡುವುದು. ನೋಡುತ್ತಿತ್ತು ಅಂತಲೇ ಹೇಳುತ್ತೇನೆ. ಈಗಲೂ ಬೇರೆ ಪದ ಸಿಕ್ಕಿಲ್ಲ.

ಆಮೇಲೆ ಬ್ಯಾಟರಿಯ ಸ್ವಿಚ್ ಹಾಕಿದರು. ಕಾಯಿಲ್ಲುಗಳು ಬಿಸಿಯಾಗಿ ವಾರ್ನಿಷ್ ವಾಸನೆ ಕೋಣೆ ತುಂಬಿತು. ಕೊಳವೆಯೊಳಗಿನ ಮಂಜು ಒಮ್ಮೆಲೇ ಗಾಜು ಬಿಟ್ಟು ನಡುವಿಗೆ ಸರಿದು, ಬತ್ತಿ ಹೊಸೆದ ಹಾಗೆ ಸಣ್ಣಗಾಗಿ, ಬೆಳ್ಳಗಾಗಿ ನಿಂತಿತು. ಮೇಷ್ಟ್ರು "ಆಹಾ" ಎಂದರು. ಎಂದವರು ಹಾಗೇ ಬಾಯಿ ತೆರೆದುಕೊಂಡು ನಿಂತರು.

ಬತ್ತಿ ಪೂರ್ತಿ ಇರಲಿಲ್ಲ. ನಡುವೆ ಒಂದು ಕಡೆ ಹುರಿ ಬಿಚ್ಚಿ ಹೋಗಿತ್ತು. ಅಲ್ಲಿ ಬೆಳಕು ಎಳೆಎಳೆಯಾಗಿ ಸಿಡಿದು ಸುತ್ತಲೂ ಗಾಜಿಗೆ ಬಡಿಯುತ್ತಿತ್ತು, ನಡುವೆ ಒಂದು ಕಪ್ಪು. ಆ ಕಪ್ಪಿನ ಆಚೆ ಮತ್ತೆ ಬತ್ತಿ. ಬಾಯಿ ತೆರೆದ ಹಾಗಿತ್ತು. ಏನೋ ಹೇಳಲು ಬಾಯಿ ತೆರೆದು, ದನಿ ಬಾರದೆ ನಿಂತವರ ಹಾಗೆ.

ಎರಡು ನಿಮಿಷಕ್ಕೆ ಕಾಯಿಲ್ಲು ಕಾದು ಆರಿಸಬೇಕಾಯಿತು. ಗಾಜಿನ ಮೇಲೆ ಆ ಜಾಗದಲ್ಲಿ ಕಂದು ಬಣ್ಣದ ಉಂಗುರ ಬಿದ್ದಿತ್ತು. ಮೇಷ್ಟ್ರು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು, ಅಷ್ಟು ಬಿಸಿ.

ನಾಲ್ಕು ದಿನ ಅವರು ಹುಡುಕಿದರು. ಗಾಳಿ ಸೋರುತ್ತಿದೆ ಎಂದರು, ಮೇಣ ಹಚ್ಚಿದರು. ಪಂಪಿನ ಎಣ್ಣೆ ಬದಲಿಸಿದರು. ಪೆಟ್ಟಿಗೆಯ ಬಲ್ಬು ಬದಲಿಸಿದರು. ಪ್ರತಿ ಮಧ್ಯಾಹ್ನ ಅದೇ ಬಾಯಿ, ಅದೇ ಜಾಗದಲ್ಲಿ. ಶೇಷಪ್ಪ ಯಾರಿಗೂ ಕಾಣದ ಹಾಗೆ ಪಂಪಿಗೆ ವಿಭೂತಿ ಹಚ್ಚಿದ್ದ. ಬಾಯಿ ಮುಚ್ಚಲಿಲ್ಲ. "ಈ ಗಾಜು ಒಡೆದ್ರೆ ಮುಗೀತು, ಇನ್ನೊಂದು ಇಲ್ಲ" ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಐದನೇ ದಿನ ನಾನು ಗೆರೆಯ ಹಿಂದೆ ನಿಂತು ಕಾಯಿಲ್ ಎಣಿಸಿದೆ. ಬೇರೆ ಕೆಲಸ ಇರಲಿಲ್ಲ, ಎಣಿಸಿದೆ. ಬಾಯಿ ಬಿಡುತ್ತಿದ್ದುದು ಐದನೆಯದರ ಕೆಳಗೆ. ನಾಲ್ಕನೆಯದು ಬಿಳಿ ದಾರ, ನನ್ನದು. ಆರನೆಯದು ಬಿಳಿ ದಾರ, ನನ್ನದು. ಐದನೆಯದು ಅರಿಶಿನದ ದಾರ.

"ಸಾರ್, ಇದು ಗಾಳಿ ಅಲ್ಲ. ಕಾಯಿಲ್ಲು" ಎಂದೆ.

"ಕಾಯಿಲ್ಲು ನೋಡಿದೀನಲ್ಲ, ಎಲ್ಲೂ ಕಡಿದಿಲ್ಲ."

"ಕಡಿದಿರಲ್ಲ. ಯಾವ ಕಡೆ ಸುತ್ತಿದೆ ನೋಡಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಪೆಟ್ಟಿಗೆ ಆರಿಸಿ, ಬ್ಯಾಟರಿ ಮಾತ್ರ ಹಾಕಿ, ದಿಕ್ಸೂಚಿಯ ಮುಳ್ಳಿನ ಡಬ್ಬಿ ತಗೊಂಡು ಒಂದೊಂದು ಕಾಯಿಲ್ಲಿನ ಪಕ್ಕಕ್ಕೆ ಹಿಡಿಯುತ್ತ ಬಂದರು. ಒಂದು, ಎರಡು, ಮೂರು, ನಾಲ್ಕು, ಮುಳ್ಳು ಅಲ್ಲಾಡದೆ ಒಂದೇ ಕಡೆ. ಐದಕ್ಕೆ ಬಂತು. ಮುಳ್ಳು ತಡವರಿಸಿತು, ನಡುಗಿತು, ಆಮೇಲೆ ನಿಧಾನವಾಗಿ ಪೂರ್ತಿ ಹಿಂದಕ್ಕೆ ತಿರುಗಿ ನಿಂತಿತು.

"ಥೂ ನನ್ನ ಬುದ್ಧಿಗೆ" ಎಂದರು ಮೇಷ್ಟ್ರು. "ಮೊದಲೇ ನೋಡಬೇಕಿತ್ತು. ಇದೊಂದು ಎಡಸುತ್ತು. ಅಕ್ಕಪಕ್ಕದವು ಹಿಡ್ಕೊಂಡಿದ್ದನ್ನ ಇದು ಬಿಟ್ಟುಬಿಡ್ತಾ ಇದೆ. ಯಾರು ಸುತ್ತಿದ್ದು ಇದನ್ನ?"

ನಾನು ಆಗಲೇ ಗೋಡೆ ಹಿಡಿದುಕೊಂಡಿದ್ದೆ. ನಮ್ಮತ್ತೆಯ ಕೈ ಎಡಕ್ಕೆ ಯಾವಾಗ ತಿರುಗುತ್ತದೆ ಅಂತ ಭದ್ರಾವತಿಯಲ್ಲಿ ಮೂರು ಜನಕ್ಕೆ ಗೊತ್ತಿತ್ತು. ಅವಳಿಗೆ, ಬುಡನ್ ಸಾಬರಿಗೆ, ನನಗೆ. ಮನೆಯಲ್ಲಿ ಇದ್ದವರು ನಾವಿಬ್ಬರು, ಇಬ್ಬರೂ ಬದುಕಿದ್ದೆವು. ಇನ್ನು ಉಳಿದವನು ಒಬ್ಬನೇ.

ಅಮಾವಾಸ್ಯೆಯ ಮಾರನೇ ದಿನ. ಹೊಟ್ಟೆ ಸರಿಯಿಲ್ಲ ಎಂದು ಊಟ ಬಿಟ್ಟಿದ್ದಳು. ನಾನು ಅಂಗಡಿಗೆ ಪಟ್ಟಿ ತರಲು ಹೋಗಿದ್ದೆ. ಬರುವಾಗ ಹೊತ್ತಲ್ಲದ ಹೊತ್ತಲ್ಲಿ ಅವಳ ತಲೆ ಒದ್ದೆಯಾಗಿತ್ತು. ಮನೆಯ ಬಟ್ಟೆಯೆಲ್ಲ ಒಗೆದು ಹಾಕಿದ್ದಳು, ಅವನ ಹಳೇ ಅಂಗಿ ಕೂಡ. ಜಗಲಿಯ ಮೇಲೆ ಯಾರೋ ನೀರು ಕುಡಿದಿಟ್ಟ ಚೊಂಬು ಇತ್ತು. ಯಾರು ಬಂದಿದ್ದು ಎಂದರೆ, ಯಾರೋ ದಾರಿಹೋಕ ಎಂದಿದ್ದಳು. ಎಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ನಾನು ನೋಡಿರಲಿಲ್ಲ.

ಆ ಸಂಜೆಯ ರೈಲಿನಲ್ಲಿ ನಾನು ಅಳಲಿಲ್ಲ. ಇಡೀ ದಾರಿ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಎದುರು ಕೂತ ಹೆಂಗಸು ಕಳ್ಳರ ಭಯಕ್ಕೆ ಅಂದುಕೊಂಡಿರಬೇಕು, ಅವಳೂ ತನ್ನ ಸರವನ್ನು ಸೆರಗಿನೊಳಗೆ ಹಾಕಿಕೊಂಡಳು.

ಅತ್ತೆ ರಾಗಿ ಬೀಸುತ್ತಿದ್ದಳು. ನಾನು ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು ಕಲ್ಲು ನೋಡಿದೆ. ಬಲಕ್ಕೆ ತಿರುಗುತ್ತಿತ್ತು. ಸೂತಕ ಕಳೆದು ದಿನಗಳಾಗಿದ್ದವು.

"ಕೆಂಚಪ್ಪ ಯಾವತ್ತು ಸತ್ತಿದ್ದು?" ಎಂದೆ. ಮದುವೆಯಾದ ಮೇಲೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕಲ್ಲು ನಿಂತಿತು. "ಯಾರು ಹೇಳಿದ್ರು?"

"ನಿನ್ನ ಐದನೇ ಕಾಯಿಲ್ಲು ಹೇಳ್ತು."

ಅವಳು ಸುಳ್ಳು ಹೇಳಲು ಹೋಗಲಿಲ್ಲ. ಹಿಟ್ಟಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಮಂಗನ ಜ್ವರ ಅಂತೆ. ತಂಡದಲ್ಲಿ ನಾಕು ಜನ ಮಲಗಿದ್ರಂತೆ. ಮೂರು ಜನ ಎದ್ರು. ಇವನು ಏಳಲಿಲ್ಲ. ಅಲ್ಲೇ ಮಣ್ಣು ಮಾಡಿ, ಆಮೇಲೆ ಹೇಳೋಕೆ ಬಂದ ಒಬ್ಬ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ?" ಅತ್ತೆಯ ದನಿ ಜೋರಾಯಿತು. "ಹೇಳಿದ್ರೆ ನಿನ್ನ ಅಣ್ಣಂದಿರು ಗಾಡಿ ಕಟ್ಕೊಂಡು ಬರ್ತಿದ್ರು. ಮಕ್ಕಳಿಲ್ಲ ಮರಿಯಿಲ್ಲ, ನಿನಗಿಲ್ಲಿ ಏನು ಕೆಲಸ ಅಂತ ಕರ್ಕೊಂಡು ಹೋಗ್ತಿದ್ರು. ಗಂಡ ಹೋದ, ಮಗ ಹೋದ. ನೀನೂ ಹೋದ್ಮೇಲೆ ನಾನು ಈ ಕಲ್ಲಿನ ಹತ್ರ ಮಾತಾಡ್ಲಾ?"

"ಅದಕ್ಕೆ ನನ್ನ ಕುತ್ತಿಗೇಲಿ ಇದನ್ನ ಸುಮ್ನೆ ನೇತು ಹಾಕ್ಸಿದ್ಯಾ? ಎಷ್ಟು ದಿನ ಅಂತ ಇದ್ದೆ?"

"ಆದಷ್ಟು ದಿನ" ಎಂದಳು.

ಹೊಡೆಯಬೇಕು ಅನ್ನಿಸಿತು. ನಿಜ ಹೇಳುತ್ತೇನೆ, ಕೈ ಎತ್ತಿದ್ದೆ. ಅವಳು ತಲೆ ತಗ್ಗಿಸಿಕೊಂಡು ಹಿಟ್ಟಿನ ಕಡೆ ನೋಡುತ್ತ ಹೇಳಿದಳು, "ತಪ್ಪಿ ಸುತ್ತಿದ್ದಲ್ಲ ಕಣೇ ಅದು. ಅವನ ಹೆಣಕ್ಕೆ ಸುತ್ತು ಬರೋರು ಯಾರೂ ಇರಲಿಲ್ಲ ಅಲ್ಲಿ. ನಾನು ಕೂತಲ್ಲೇ ಬಂದೆ. ಆರುನೂರು ಸುತ್ತು. ಹನ್ನೆರಡು ಬೀಜ. ಒಂದೂ ಬಿಡಲಿಲ್ಲ."

ನಾನು ಕೈ ಇಳಿಸಿದೆ. ಕಲ್ಲಿನ ಇನ್ನೊಂದು ಕಡೆ ಕೂತು ಹಿಡಿಗೆ ಕೈ ಹಾಕಿದೆ. ರಾಗಿ ಬೀಸಬೇಕಿತ್ತಲ್ಲ, ರಾತ್ರಿಗೆ ಮುದ್ದೆ ಆಗಬೇಕಿತ್ತು.

ಆ ಬೇಸಿಗೆ ಮುಗಿಯುವವರೆಗೆ ಹೊರಗೆ ಹೇಳುವುದು ಬೇಡ ಅಂತ ನಾನೇ ಹೇಳಿದೆ. ಅಣ್ಣಂದಿರು ಬಂದರೆ ಏನು ಹೇಳಬೇಕು ಅಂತ ನನಗೆ ಇನ್ನೂ ಗೊತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ಕಾಲೇಜಿಗೆ ಹೋದೆ. ಬಾಗಿಲಲ್ಲಿ ನಿಂತು ಕಾಲುಂಗುರ ತೆಗೆದೆ. ಆಮೇಲೆ ತಾಳಿ ಬಿಚ್ಚಿ, ಎರಡನ್ನೂ ಒಂದು ಬಟ್ಟೆಯಲ್ಲಿ ಕಟ್ಟಿ ಶೇಷಪ್ಪನ ಸ್ಟೂಲಿನ ಮೇಲೆ ಇಟ್ಟೆ. ಅವನು ಗಂಟು ನೋಡಿದ, ನನ್ನ ಕುತ್ತಿಗೆ ನೋಡಿದ. ಸ್ಟೂಲಿನಿಂದ ಎದ್ದು ನಿಂತ. ಆ ಮನುಷ್ಯನ ಬಗ್ಗೆ ನಾನು ಏನೇ ಆಡಿಕೊಂಡರೂ ಅದೊಂದು ನೆನಪಿಟ್ಟಿದ್ದೇನೆ.

ಮೇಷ್ಟ್ರು ಐದನೇ ಕಾಯಿಲ್ಲಿನ ಪಟ್ಟಿ ಬಿಚ್ಚಲು ಕತ್ತರಿ ಹಿಡಿದು ಕೂತಿದ್ದರು. "ಬಾ ನಿಂಗಮ್ಮ. ಇದನ್ನ ಪೂರ್ತಿ ಬಿಚ್ಚಿ ಸರಿಯಾಗಿ ಸುತ್ತಿಬಿಡೋಣ."

"ಬಿಚ್ಬೇಡಿ ಸಾರ್."

"ಯಾಕೆ?"

"ಬಿಚ್ಚಿದ್ರೆ ಆಗಲ್ಲ. ಬೇರೆ ದಾರಿ ಇದ್ರೆ ನೋಡಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸೀಮೆಸುಣ್ಣದ ಗೆರೆ ದಾಟಿ ಮೇಜಿನ ಹತ್ತಿರ ಬಂದಿದ್ದೇನೆ ಅನ್ನುವುದು ಆಗ ಅವರ ಗಮನಕ್ಕೆ ಬಂತು. ಕುತ್ತಿಗೆ ಬರಿದಾಗಿರುವುದೂ ಬಂತು. ಕತ್ತರಿ ಕೆಳಗಿಟ್ಟರು.

"ಬಿಚ್ಚೋದೇನೂ ಬೇಕಾಗಿಲ್ಲ" ಎಂದರು. "ತಂತಿಯ ಎರಡು ತುದಿ ಅದಲುಬದಲು ಮಾಡಿದ್ರೆ ಸಾಕು. ಸುತ್ತು ಹೇಗಿದೆಯೋ ಹಾಗೇ ಇರುತ್ತೆ. ಕರೆಂಟು ಮಾತ್ರ ಆ ಕಡೆಯಿಂದ ಬರುತ್ತೆ."

"ಹಾಗೇ ಮಾಡಿ" ಎಂದೆ.

ಅರಿಶಿನದ ದಾರ ಕಟ್ಟಿದ್ದ ತುದಿಯನ್ನು ನಾನೇ ತಿರುಗಿಸಿ ಜೋಡಿಸಿದೆ. ಪೆಟ್ಟಿಗೆ ಹಾಕಿದರು, ಮಂಜು ತುಂಬಿತು. ಬ್ಯಾಟರಿ ಹಾಕಿದರು, ಬತ್ತಿ ನಿಂತಿತು. ಈ ತುದಿಯಿಂದ ಆ ತುದಿಗೆ ಒಂದೇ ಎಳೆ. ನಾನು ಹತ್ತಿರವೇ ನಿಂತಿದ್ದೆ, ಅದು ಯಾವತ್ತಿನ ಹಾಗೆ ನನ್ನ ಕಡೆ ಕುಂದಿತು. ಕುಂದಿದರೂ ಕಡಿಯಲಿಲ್ಲ. ಐದನೇ ಕಾಯಿಲ್ಲಿನೊಳಗಿಂದ ಸದ್ದಿಲ್ಲದೆ ಹಾದು ಹೋಗುತ್ತಿತ್ತು, ಅಲ್ಲಿ ಯಾವತ್ತೂ ಏನೂ ಆಗದ ಹಾಗೆ. ಮೂಲೆಯ ಸತ್ತ ಟ್ಯೂಬ್ ಲೈಟು ಬೆಳ್ಳಗೆ ನಿಂತು ನೋಡುತ್ತಿತ್ತು.

ಮೇಷ್ಟ್ರು ಖುಷಿಯಲ್ಲಿ ಪುಸ್ತಕದ ತುಂಬ ಬರೆದುಕೊಂಡರು. ಎರಡು ನಿಮಿಷ ಹಾಕುವುದು, ಅರ್ಧ ಗಂಟೆ ಆರಲು ಬಿಡುವುದು. ಹಾಗೆ ಆ ರಜೆಯೆಲ್ಲ ಕಳೆಯಿತು. ದಿನಾ ಬೆಳಿಗ್ಗೆ ತಾಳಿ ಬಿಚ್ಚಿ ಒಳಗೆ ಹೋಗುತ್ತಿದ್ದೆ, ಸಂಜೆ ಕಟ್ಟಿಕೊಂಡು ರೈಲು ಹತ್ತುತ್ತಿದ್ದೆ. ಭದ್ರಾವತಿಯವರಿಗೆ ನಾನು ಮುತ್ತೈದೆ. ಗಂಡ ಸತ್ತವಳಾಗಿ ನಾನು ಇದ್ದದ್ದು ಆ ಕಪ್ಪು ಕಾಗದದ ಕೋಣೆಯೊಳಗೆ ಮಾತ್ರ, ಆ ಬೆಳಕಿನ ಎದುರು. ಅದಕ್ಕೆ ಮುಚ್ಚಿಡುವುದು ಏನೂ ಇರಲಿಲ್ಲ. ನನಗಿಂತ ಮೊದಲು ಗೊತ್ತಾದದ್ದು ಅದಕ್ಕೇ.

ಮಳೆ ಹಿಡಿದ ಮೇಲೆ ತಂಡ ಊರಿಗೆ ಬಂತು, ಸುದ್ದಿ ಬಯಲಾಯಿತು. ಅಣ್ಣಂದಿರು ಗಾಡಿ ಕಟ್ಟಿಕೊಂಡೇ ಬಂದರು. ಅತ್ತೆ ಒಳಕೋಣೆಯಿಂದ ಹೊರಗೆ ಬರಲಿಲ್ಲ. ದೊಡ್ಡಣ್ಣ "ಏಳಮ್ಮ, ಬಟ್ಟೆ ಕಟ್ಕೋ" ಎಂದ. ನಾನು ಜಗಲಿಯ ಮೇಲೆ ಯಾವುದೋ ಪಂಪಿನ ಕಾಯಿಲ್ ಸುತ್ತುತ್ತ ಕೂತಿದ್ದೆ, ಬೆರಳು ಎತ್ತಿ ತಡಿ ಎಂದೆ, ಲೆಕ್ಕ ತಪ್ಪುತ್ತೆ. ಐವತ್ತಾದ ಮೇಲೆ ಬೀಜ ಎತ್ತಿಟ್ಟು, ಬರಲ್ಲ ಎಂದೆ. ಅತ್ತೆಯ ಮೇಲಿನ ಪ್ರೀತಿಗೆ ಅಂತ ಜನ ಈಗಲೂ ಹೇಳುತ್ತಾರೆ. ಹಾಗೇನಿಲ್ಲ. ತವರಿನಲ್ಲಿ ಅತ್ತಿಗೆಯರು ಹಾಕಿದ್ದು ತಿಂದುಕೊಂಡು ಇರುವುದಕ್ಕಿಂತ ತಂತಿ ಸುತ್ತುವುದು ಮೇಲು ಅನ್ನಿಸಿತು. ಅವಳು ಮಾಡಿದ್ದನ್ನು ನಾನು ಕ್ಷಮಿಸಿದೆ ಅಂತಲೂ ಹೇಳಲಾರೆ. ಹದಿನಾರು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿದೆವು, ಜಗಳ ಆಡಿದೆವು. ಅವಳು ಸತ್ತ ವಾರ ಬುಡನ್ ಸಾಬರಿಗೆ ಹೇಳಿ ಕಳಿಸಿ ಕೆಲಸ ನಿಲ್ಲಿಸಿದೆ. ಬೀಸುವ ಕಲ್ಲನ್ನು ಎಡಕ್ಕೆ ತಿರುಗಿಸಿದೆ. ಅದು ಅವಳ ತವರಿನ ಪದ್ಧತಿ, ನನ್ನದಲ್ಲ. ಮಾಡುವವರು ಬೇರೆ ಯಾರೂ ಇರಲಿಲ್ಲ.

ಮೂರು ದಿನ ಬಿಟ್ಟು ಆಲ್ಕೊಳಕ್ಕೆ ಮಿಕ್ಸಿ ತರಲು ಹೋದೆ. ಅಂಗಡಿಯವನು ಒಂದು ಅಚ್ಚಿಗೆ ತಂತಿ ಸುತ್ತುತ್ತಿದ್ದ. "ಅವತ್ತು ಯಾಕಜ್ಜಿ ಹಾಗೆ ಓಡಿಹೋದ್ರಿ?" ಎಂದ. ನಾನು ಅವನ ಕೈ ನೋಡಿದೆ, ಹಿಡಿ ಯಾವ ಕಡೆ ತಿರುಗುತ್ತಿದೆ ಅಂತ. ಮುಂದಕ್ಕೆ. ಇನ್ನೂ ಹತ್ತು ಸುತ್ತು ನೋಡಿದೆ. ಮುಂದಕ್ಕೇ.

ಮಿಕ್ಸಿ ಎತ್ತಿಕೊಂಡು ಮನೆಗೆ ಬಂದೆ.